ಖಾಲಿ ಸೈಟಿನಲ್ಲಿ ಸೊಪ್ಪು ಬೆಳೆಯೋಣವೇ?

ಪ್ರಶ್ನೆ ಇಷ್ಟೇ. ಬೆಂಗಳೂರಿನ ಬಡಾವಣೆಗಳಲ್ಲಿ ವರ್ಷಗಟ್ಟಲೆ ಖಾಲಿ ಬಿದ್ದಿರುವ ಸಿ.ಎ. (ನಾಗರಿಕ ಸೌಲಭ್ಯದ) ಸೈಟುಗಳನ್ನು ಸೊಪ್ಪು, ತರಕಾರಿ ಬೆಳೆಯಲು ಅಕ್ಕಪಕ್ಕದ ಜನರಿಗೆ, ಅದರಲ್ಲೂ ಬಡವರಿಗೆ ಕೊಡಬೇಕೇ? ಇದು ತಾರಸಿ ತೋಟದ ಮಾತಲ್ಲ. ಸ್ವಂತ ತಾರಸಿ ಇದ್ದವರು ಯಾರನ್ನೂ ಕೇಳಬೇಕಾಗಿಲ್ಲ.

ಪರ: ಮೂವತ್ತು ವರ್ಷ ಬೇಡ, ಮೂರು ವರ್ಷ ಕೊಡಿ

ಸಿ.ಎ. ಸೈಟು ಅಂದರೆ ಗೊತ್ತಲ್ವಾ? ಬಡಾವಣೆ ಮಾಡುವಾಗ ಶಾಲೆ, ಆಸ್ಪತ್ರೆ, ಅಂಚೆ ಕಚೇರಿಗೆ ಅಂತ ಬಿಟ್ಟ ಜಾಗ. ಕೆಲವು ಕಡೆ ಶಾಲೆ ಬಂತು, ಕೆಲವು ಕಡೆ ಕಲ್ಯಾಣ ಮಂಟಪ ಬಂತು. ಉಳಿದ ಕಡೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ತುಕ್ಕು ಹಿಡಿದ ಒಂದು ಬೋರ್ಡು: ‘ಈ ಸ್ವತ್ತು ಬಿಡಿಎಗೆ ಸೇರಿದ್ದು’. ಬೋರ್ಡಿನ ಕೆಳಗೆ ಪಾರ್ಥೇನಿಯಂ, ಒಡೆದ ಕಮೋಡು, ಎಳನೀರು ಬುರುಡೆ, ಯಾರೋ ರಾತ್ರಿ ಸುರಿದು ಹೋದ ಕಟ್ಟಡದ ಮಣ್ಣು. ಅಲ್ಲಿ ಹಕ್ಕುಪತ್ರ ಸಿಕ್ಕಿರುವುದು ಸೊಳ್ಳೆಗಳಿಗೆ ಮಾತ್ರ.

ಸಂಘ ಸಂಸ್ಥೆಗಳಿಗೆ ಬಿಡಿಎ ಇಂಥ ಸೈಟುಗಳನ್ನು 30 ವರ್ಷಕ್ಕೆ ಗುತ್ತಿಗೆ ಕೊಡುತ್ತದೆ. ನಾವು ಕೇಳುವುದು ಅಷ್ಟಲ್ಲ. ಮೂರು ವರ್ಷ ಸಾಕು. ಆದರೆ ಕಾಗದದ ಮೇಲೆ ಬರೆದು ಕೊಡಿ. ಬಾಯಿಮಾತಿನ ಜಾಗಕ್ಕೆ ಯಾರೂ ಗೊಬ್ಬರ ಹಾಕುವುದಿಲ್ಲ.

ಮೂರು ವರ್ಷದಲ್ಲಿ ಏನು ಬೆಳೆಯಬಹುದು ಅಂತ ಕೇಳಬೇಡಿ. ಮೆಂತ್ಯ ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಬಸಳೆಯ ಒಂದು ಕಡ್ಡಿ ಊರಿದರೆ ಬಳ್ಳಿ ಬೇಲಿ ಹತ್ತುತ್ತದೆ. ನುಗ್ಗೆಯ ಕೊಂಬೆ ನೆಟ್ಟರೆ ವರ್ಷದೊಳಗೆ ಸೊಪ್ಪು ಸಾಕಷ್ಟು ಸಿಗುತ್ತದೆ, ಕಾಯಿ ಆಮೇಲೆ ನೋಡೋಣ. ಹೊನಗೊನ್ನೆಯನ್ನಂತೂ ಬೆಳೆಸುವುದೇ ಬೇಡ. ತೇವ ಇದ್ದ ಕಡೆ ಅದೇ ಬರುತ್ತದೆ. ಗುರುತು ಹಿಡಿಯುವ ಹೆಂಗಸರೂ ಇದೇ ಊರಿನಲ್ಲಿದ್ದಾರೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಶೆಡ್ಡುಗಳ ಪಕ್ಕ ಒಮ್ಮೆ ನೋಡಿ. ತಗಡಿನ ಮೇಲೆ ಕುಂಬಳ ಬಳ್ಳಿ, ಪೇಂಟ್ ಡಬ್ಬದಲ್ಲಿ ಮೆಣಸಿನ ಗಿಡ. ಕೃಷಿ ಇವರಿಗೆ ಹೊಸ ಹವ್ಯಾಸವಲ್ಲ. ಬಿಟ್ಟು ಬಂದ ಕಸುಬು ಅದು.

ಬಡವರ ತಟ್ಟೆಯಲ್ಲಿ ಮೊದಲು ಕಡಿಮೆಯಾಗುವುದು ಸೊಪ್ಪು, ತರಕಾರಿ. ಅಕ್ಕಿ ಪಡಿತರದಲ್ಲಿ ಬರುತ್ತದೆ, ಸೊಪ್ಪು ಬರುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಒಂದು ಸೈಟಿನ ದಂಟು ಇದನ್ನು ವಾಸಿ ಮಾಡುತ್ತದೆ ಅಂತ ನಾನು ಹೇಳುವುದಿಲ್ಲ. ವಾರಕ್ಕೊಂದು ದಿನ ಆಗುತ್ತಿದ್ದ ಬಸ್ಸಾರು ಮೂರು ದಿನ ಆದೀತು. ಅದೇನು ಸಣ್ಣದಲ್ಲ.

ಇನ್ನು ಗೊಬ್ಬರ. ಬೆಂಗಳೂರಿನ ಮನೆಗಳಿಂದ ಹೊರಡುವ ಕಸದಲ್ಲಿ ಹೆಚ್ಚು ಪಾಲು ಹಸಿ ಕಸವೇ. ಅದನ್ನು ಊರಾಚೆ ಸುರಿದು ಸುರಿದು, 2014ರಲ್ಲಿ ಮಂಡೂರಿನ ಜನ ಬೀದಿಗಿಳಿದದ್ದು ನೆನಪಿರಬೇಕು. ಬೀದಿಯ ಕಸ ಬೀದಿಯ ಸೈಟಿನಲ್ಲೇ ಗೊಬ್ಬರವಾದರೆ ಒಂದಿಷ್ಟು ಲಾರಿಯಾದರೂ ಉಳಿಯುತ್ತದೆ. ನೀರಿಗೂ ದಾರಿ ಇದೆ. ದೊಡ್ಡ ಅಪಾರ್ಟ್‌ಮೆಂಟುಗಳು ಶುದ್ಧೀಕರಿಸಿದ ನೀರನ್ನು ಏನು ಮಾಡುವುದೆಂದು ತಿಳಿಯದೆ ಚರಂಡಿಗೆ ಬಿಡುತ್ತವೆ. ನುಗ್ಗೆ, ಬಾಳೆ, ಪರಂಗಿಗೆ ಅದು ಸಾಕು.

ಕೃಷಿ ಈ ಊರಿಗೆ ಹೊರಗಿನಿಂದ ಬಂದದ್ದಂತೂ ಅಲ್ಲ. ಸಂಪಂಗಿ ಕೆರೆಯ ನೀರು ನಂಬಿ ತಿಗಳರು ತರಕಾರಿ ಬೆಳೆಯುತ್ತಿದ್ದರು. ಆ ಕೆರೆಯಲ್ಲಿ ಈಗ ಕಂಠೀರವ ಕ್ರೀಡಾಂಗಣ ಇದೆ. ಬೇರೆ ಕಡೆ ಇದನ್ನು ಹಕ್ಕು ಅಂತಲೇ ಬರೆದಿಟ್ಟಿದ್ದಾರೆ. ಇಂಗ್ಲೆಂಡಿನಲ್ಲಿ 1908ರ ಕಾಯ್ದೆ ಪ್ರಕಾರ ಜನ ಕೇಳಿದರೆ ಸ್ಥಳೀಯ ಆಡಳಿತ ತರಕಾರಿ ಬೆಳೆಯಲು ತುಂಡು ನೆಲ ಬಾಡಿಗೆಗೆ ಹುಡುಕಿ ಕೊಡಬೇಕು. 1991ರಲ್ಲಿ ಸೋವಿಯತ್ ಒಕ್ಕೂಟ ಮುರಿದುಬಿದ್ದಾಗ ಕ್ಯೂಬಾಕ್ಕೆ ಎಣ್ಣೆಯೂ ಇಲ್ಲ, ರಸಗೊಬ್ಬರವೂ ಇಲ್ಲ. ಹವಾನಾದ ಜನ ಖಾಲಿ ಜಾಗಗಳಲ್ಲಿ ಮಡಿ ಕಟ್ಟಿ, ಕಾಂಪೋಸ್ಟ್ ತುಂಬಿ ತರಕಾರಿ ಬೆಳೆದರು. ನೆಲ ಸರ್ಕಾರದ್ದೇ ಉಳಿಯಿತು, ಅನುಭೋಗ ಜನರದ್ದಾಯಿತು. ಸೈಟು ಕೊಡಿ, ಗೇಟಿನ ಕೀಲಿಯನ್ನು ಪಕ್ಕದ ಕೊಳೆಗೇರಿಯ ಮಹಿಳಾ ಸಂಘದ ಕೈಗೆ ಕೊಡಿ. ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ.

ವಿರೋಧ: ಬೆಳೆಯುವ ನೆಲ ಇನ್ನೂ ಇದೆ, ಅದನ್ನು ಉಳಿಸಿ

ಕೀಲಿಯಿಂದಲೇ ಶುರು ಮಾಡೋಣ. ಮೊದಲ ದಿನ ಅದು ಮಹಿಳಾ ಸಂಘದ ಕೈಯಲ್ಲಿರುತ್ತದೆ, ಫೋಟೋನೂ ಆಗುತ್ತದೆ. ಆರು ತಿಂಗಳಾದ ಮೇಲೆ ಹೋಗಿ ನೋಡಿ, ಬಡಾವಣೆ ಸಂಘದ ನಿವೃತ್ತ ಅಧ್ಯಕ್ಷರ ಮನೆಯ ಮೊಳೆಗೆ ನೇತಾಡುತ್ತಿರುತ್ತದೆ. ಅವರು ಕೆಟ್ಟವರು ಅಂತಲ್ಲ. ಅವರಿಗೆ ಬೆಳಗ್ಗೆ ಏಳರಿಂದ ಒಂಬತ್ತು ಬಿಡುವಿರುತ್ತದೆ. ಆ ಹೊತ್ತಿಗೆ ಸಂಘದ ಹೆಂಗಸು ಮೂರನೇ ಮನೆಯ ಪಾತ್ರೆ ತೊಳೆಯುತ್ತಿರುತ್ತಾಳೆ. ಸಂಜೆ ಬಂದು ಮಡಿಗೆ ನೀರು ಹಾಕು ಅನ್ನುವುದು ಅವಳಿಗೆ ಕೊಟ್ಟ ಸೌಲಭ್ಯವೋ, ಇನ್ನೊಂದು ಸಂಬಳವಿಲ್ಲದ ಕೆಲಸವೋ?

ಲೆಕ್ಕವನ್ನೂ ಹಾಕಿ. ಒಬ್ಬರಿಗೆ ದಿನಕ್ಕೆ 400 ಗ್ರಾಂ ಹಣ್ಣು ತರಕಾರಿ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಲ್ಕು ಜನರ ಮನೆಗೆ ವರ್ಷಕ್ಕೆ 584 ಕಿಲೋ ಆಯಿತು. 30×40 ಅಡಿ ಸೈಟು ಅಂದರೆ ಸುಮಾರು 111 ಚದರ ಮೀಟರ್, ದಾರಿ, ಗೊಬ್ಬರದ ಗುಂಡಿ ಎಲ್ಲ ಸೇರಿ. ಅದನ್ನು ಇಪ್ಪತ್ತು ಮನೆಗೆ ಹಂಚಿದರೆ ಒಂದೊಂದು ಮನೆಗೆ ಐದೂವರೆ ಚದರ ಮೀಟರ್. ಒಗ್ಗರಣೆಗೆ ಕರಿಬೇವು, ಕೊತ್ತಂಬರಿ ಆದೀತು, ಅಷ್ಟೇ. ಸಿ.ಎ. ಸೈಟು ದೊಡ್ಡದಿರುತ್ತದೆ ನಿಜ. ಕೊಳೆಗೇರಿಯೂ ಇಪ್ಪತ್ತು ಮನೆಗೆ ನಿಲ್ಲುವುದಿಲ್ಲ.

ನೀರಿನ ವಿಷಯ ಸುಮ್ನೆ ದಾಟಿಹೋಗುವಂಥದ್ದಲ್ಲ. ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಹಂತದಲ್ಲಿ ಪಂಪಾಗಿ ಮೇಲೇರಿ ಬರುತ್ತಾಳೆ. 2024ರ ಮಾರ್ಚ್‌ನಲ್ಲಿ ಕೈದೋಟಕ್ಕೆ ಕುಡಿಯುವ ನೀರು ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿಯೇ ಹೇಳಬೇಕಾಯಿತು. ಶುದ್ಧೀಕರಿಸಿದ ನೀರಿದೆಯಲ್ಲ ಅನ್ನುತ್ತೀರಿ. ಆ ಘಟಕ ಸರಿಯಾಗಿ ನಡೆಯುತ್ತಿದೆಯೇ ಅಂತ ನೋಡುವವರು ಯಾರು? ಮಣ್ಣಿನ ಕಥೆಯೂ ಅದೇ. ಇಪ್ಪತ್ತು ವರ್ಷ ಕಟ್ಟಡದ ಅವಶೇಷ, ಹಳೇ ಪೇಂಟು, ಬ್ಯಾಟರಿ ಬಿದ್ದ ಜಾಗದಲ್ಲಿ ಸೀಸ ಇರಬಹುದು. ಸೊಪ್ಪು ಅದನ್ನು ಹೀರುತ್ತದೆ, ಮಕ್ಕಳ ಮೈಗೆ ಬಂದರೆ ಮಿದುಳಿಗೇ ಪೆಟ್ಟು. ನಗರದ ಕೊಳಚೆ ಹೊತ್ತ ವೃಷಭಾವತಿ ನದಿಯ ನೀರು ಸೇರುವ ಬೈರಮಂಗಲ ಕೆರೆಯ ಕೆಳಗೆ ರೈತರು ಭತ್ತ ಬಿಟ್ಟು ಮೇವಿನ ಹುಲ್ಲು, ಬೇಬಿ ಕಾರ್ನ್ ಕಡೆ ತಿರುಗಿದ್ದನ್ನು ನಾವು ನೋಡಿದ್ದೇವೆ. ನಗರದ ಕೊಳಕು ಹೊಲದ ತನಕ ಹೋದಾಗ ಏನಾಗುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕ್ಯೂಬಾ ಹೊಟ್ಟೆಗಿಲ್ಲದೆ ಮಾಡಿದ್ದನ್ನು ನಾವು ಹುಮ್ಮಸ್ಸಿನಲ್ಲಿ ಮಾಡಹೊರಟಿದ್ದೇವೆ. ಆ ದೇಶ ಇಂದಿಗೂ ಧಾನ್ಯ ಆಮದು ಮಾಡುತ್ತದೆ. ಇನ್ನು ತಾತ್ಕಾಲಿಕ ತೋಟ ಅಂದರೆ ಏನೆಂದು ನ್ಯೂಯಾರ್ಕ್ ತೋರಿಸಿತು. ಜನ ಕಸ ಎತ್ತಿ ಮಾಡಿಕೊಂಡ ನೂರಕ್ಕೂ ಹೆಚ್ಚು ತೋಟಗಳನ್ನು 1999ರಲ್ಲಿ ನಗರಾಡಳಿತ ಹರಾಜಿಗೆ ಇಟ್ಟಿತು. ಎರಡು ಸಂಸ್ಥೆಗಳು ದುಡ್ಡು ಕೊಟ್ಟು ಕೊಂಡಿದ್ದರಿಂದ ಅವು ಉಳಿದವು. ಇಲ್ಲಿ ಕೊಳ್ಳುವವರು ಯಾರು ಬರುತ್ತಾರೆ ಅಂತ ಎಲ್ಲರಿಗೂ ಗೊತ್ತು.

ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿನಲ್ಲಿ ಸೊಪ್ಪು ಹಿಡಿದು, ಏಳು ಗಂಟೆಗೆ ನಮ್ಮ ಬೀದಿಗೆ ಬರುವ ಅಕ್ಕ ಒಬ್ಬರಿದ್ದಾರೆ. ‘ಸಬ್ಬಸಿಗೆ ತಗೋಳಮ್ಮ, ಮಧ್ಯಾಹ್ನಕ್ಕೆ ಬಾಡೋಗುತ್ತೆ’ ಅಂತ ಕೊನೆಯ ಕಟ್ಟುಗಳನ್ನು ಅರ್ಧ ಬೆಲೆಗೆ ಕೊಟ್ಟು ಹೋಗುತ್ತಾರೆ. ಅವರ ಸೊಪ್ಪು ಬರುವುದು ಹೊಸಕೋಟೆ, ಮಾಲೂರು, ಆನೇಕಲ್ ಕಡೆಯಿಂದ. ನಗರದ ಕೃಷಿ ಅಂದರೆ ನನಗೆ ಅದು. ಆ ನೆಲವನ್ನೇ ಲೇಔಟುಗಳು ನುಂಗುತ್ತಿವೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದಲ್ಲಿ 1,777 ಎಕರೆ ಸ್ವಾಧೀನದ ವಿರುದ್ಧ ಹದಿಮೂರು ಹಳ್ಳಿಗಳ ರೈತರು ಮೂರು ವರ್ಷಕ್ಕೂ ಜಾಸ್ತಿ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ನಗರದವರಲ್ಲಿ ಎಷ್ಟು ಮಂದಿ ಅಲ್ಲಿಗೆ ಹೋಗಿ ಒಂದು ಗಂಟೆ ಕೂತೆವು? ತೋಟದ ಮೇಲಿನ ಪ್ರೀತಿಯಲ್ಲಿ ಕಾಲು ಭಾಗ ಆ ಕಡೆ ತಿರುಗಿದ್ದರೂ ಧರಣಿ ಇಷ್ಟು ದಿನ ಎಳೆಯುತ್ತಿರಲಿಲ್ಲ.

ಸಿ.ಎ. ಸೈಟಿನಲ್ಲಿ ಅಂಗನವಾಡಿ ಕಟ್ಟಿ. ಎಷ್ಟೋ ಅಂಗನವಾಡಿಗಳು ಇನ್ನೂ ಬಾಡಿಗೆ ಕೋಣೆಯಲ್ಲಿವೆ, ಮಕ್ಕಳಿಗೆ ಕಾಲು ಚಾಚಲೂ ಜಾಗವಿಲ್ಲ. ಹಿತ್ತಲಲ್ಲಿ ನಾಲ್ಕು ನುಗ್ಗೆ, ಒಂದು ಕರಿಬೇವು ನೆಡುವುದಕ್ಕೆ ನನ್ನ ವಿರೋಧವೇನೂ ಇಲ್ಲ.