ಲೈನ್ ಎಷ್ಟು ಮೀಟರ್ ಇತ್ರೀ?

ಬೋರ್ಡ್ ಮೇಲೆ ನಿಂತು, ದೊಡ್ಡ ಗಾಳಿಪಟದಿಂದ ಎಳೆಸಿಕೊಂಡು ಕಡಲಲ್ಲಿ ಓಡುವ ಆಟಕ್ಕೆ ಕೈಟ್‌ಸರ್ಫಿಂಗ್ ಅನ್ನುತ್ತಾರೆ. ಅದರಲ್ಲಿ ಕೈಟ್ ಹರಿದು, ಉಪ್ಪುನೀರು ಕುಡಿದು, ಕಾಲಿಗೆ ಅದರ ದಾರ, ಅಂದರೆ ಲೈನ್, ಸುತ್ತಿಕೊಂಡು ತೆವಳುತ್ತಾ ದಡಕ್ಕೆ ಬಂದ ಮನುಷ್ಯನನ್ನು ಮೊದಲು ಏನು ಕೇಳಬೇಕು? "ಪೆಟ್ಟಾಯ್ತಾ?" ಅಂತ ಕೇಳಬೇಕು. ಅದು ಬಾಯಿಗೆ ಬರದಿದ್ದರೆ ಸುಮ್ನೆ ಒಂದು ಟವೆಲ್ ಕೊಡಬೇಕು. ನನ್ನ ಜೊತೆ ಬರುವ ನಮ್ಮ ರಾಯರು ಕೇಳಿದ್ದು, "ಲೈನ್ ಎಷ್ಟು ಮೀಟರ್ ಇತ್ರೀ?"

ಹೋದ ಭಾನುವಾರದ ಮಾತು. ಸಿಟ್ಟು ಇನ್ನೂ ಆರಿಲ್ಲ. ಕೈಟ್ ಕೂಡ ಆರಿಲ್ಲ. ಬಾಲ್ಕನಿಯಲ್ಲಿ ನೇತಾಡುತ್ತಿದೆ. ಪಕ್ಕದ ಮನೆಯ ಡಚ್ ಅಜ್ಜಿ ಅದನ್ನು ನೋಡಿ, ಹೊಸ ಪರದೆಯಾ, ಬಣ್ಣ ಚೆನ್ನಾಗಿದೆ ಎಂದರು.

ನಾವು ಹೋಗುವುದು ನೆದರ್ಲೆಂಡ್ಸಿನ ಡೆನ್ ಹಾಗ್ (ಹೇಗ್) ಪಕ್ಕದ ಝಾಂಡ್‌ಮೋಟರ್‌ಗೆ. ಕಡಲ ತೀರ ಕೊಚ್ಚಿ ಹೋಗದಿರಲಿ ಅಂತ ಡಚ್ಚರು 2011ರಲ್ಲಿ ಎರಡು ಕೋಟಿ ಘನ ಮೀಟರಿಗೂ ಜಾಸ್ತಿ ಮರಳು ತಂದು ಸುರಿದ ಜಾಗ. ಅದರಲ್ಲಿ ಅರ್ಧ ಈಗ ನನ್ನ ಕಾರಿನ ಡಿಕ್ಕಿಯಲ್ಲಿದೆ, ಉಳಿದದ್ದು ನಮ್ಮನೆ ಬಚ್ಚಲಲ್ಲಿ.

ಈ ಹುಚ್ಚು ಹತ್ತಿದವರ ದಿನಚರಿ ಎಲ್ಲರದೂ ಒಂದೇ. ಹಲ್ಲುಜ್ಜುವ ಮೊದಲೇ ಫೋನಿನಲ್ಲಿ ಗಾಳಿ ನೋಡುವುದು. ಸೋಮವಾರದಿಂದ ಶುಕ್ರವಾರದ ತನಕ 25 ನಾಟ್ ವೇಗದ ಒಳ್ಳೆ ಗಾಳಿ. ಶನಿವಾರ ಬರೀ 6. ಮೀಟಿಂಗಿನಲ್ಲಿ ಮ್ಯಾನೇಜರ್ ಏನೋ ಹೇಳುತ್ತಿದ್ದರೆ ನಮ್ಮ ಕಣ್ಣು ಕಿಟಕಿಯಾಚೆ ಬಾಗುತ್ತಿರುವ ಮರದ ಮೇಲೆ. ಅಂಥದ್ದರಲ್ಲಿ ಭಾನುವಾರವೇ ನೈಋತ್ಯದಿಂದ ಒಳ್ಳೆ ಗಾಳಿ ಬಂದರೆ ಏನು ಮಾಡಬೇಕು? ಓಡಿ ಹೋಗಿ ನೀರಿಗೆ ಬೀಳಬೇಕು.

ರಾಯರು ಬೀಳುವುದಿಲ್ಲ. ರಾಯರು ಅಳೆಯುತ್ತಾರೆ.

ಕೈಯಲ್ಲಿ ಹಿಡಿಯುವ ಬಾರ್‌ನಿಂದ ಕೈಟಿಗೆ ನಾಲ್ಕು ಲೈನ್ ಹೋಗುತ್ತವೆ, ಮುಂದಿನವು ಎರಡು, ಹಿಂದಿನವು ಎರಡು. ನಮ್ಮ ಭಾರವೆಲ್ಲ ಮುಂದಿನ ಎರಡರ ಮೇಲೆ ಬೀಳುವುದರಿಂದ ದಿನ ಕಳೆದಂತೆ ಅವು ಹಿಗ್ಗುತ್ತವೆ. ಆಗ ಹಿಂದಿನವು ಗಿಡ್ಡವಾದಂತಾಗಿ, ಕೈಟಿಗೆ ಉಸಿರು ಕಟ್ಟಿ, ಹಿಮ್ಮುಖವಾಗಿ ಜಾರಿ ಬೀಳುತ್ತದೆ. ಆದ್ದರಿಂದ ಆಗಾಗ ಅಳೆದು ಗಂಟು ಸರಿಮಾಡಬೇಕು ಎನ್ನುವುದು ನಿಜ. ಆದರೆ "ಆಗಾಗ" ಅಂದರೆ ರಾಯರ ಲೆಕ್ಕದಲ್ಲಿ ಪ್ರತಿ ಸಲ. ಮರಳುದಿಬ್ಬದ ಬೇಲಿಯ ಗೂಟಕ್ಕೆ ನಾಲ್ಕೂ ಲೈನ್ ಸಿಕ್ಕಿಸುತ್ತಾರೆ. ಬಾರ್ ಹಿಡಿದು ಹಿಂದೆ ಹಿಂದೆ ನಡೆಯುತ್ತಾರೆ. ಪೂರ್ತಿ ಎಳೆದು, ಹಿಂದಕ್ಕೆ ವಾಲಿ, ಒಂದು ಕಣ್ಣು ಮುಚ್ಚುತ್ತಾರೆ. ಅಷ್ಟರಲ್ಲಿ ಯಾರದೋ ನಾಯಿ ಬಂದು ಲೈನಿನ ಕೆಳಗೆ ನುಸುಳುತ್ತದೆ. ನಾಯಿಯನ್ನು ಓಡಿಸಿ ಮತ್ತೆ ಮೊದಲಿಂದ.

"ಎಡಗಡೆ ಹಿಂದಿನದು ಅರ್ಧ ಸೆಂಟಿಮೀಟರ್ ಉದ್ದ ಬಂತು. ಸ್ವಲ್ಪ ಹಿಡ್ಕೊಳ್ರೀ."

ನಾನು ಹಿಡಿದುಕೊಳ್ಳುತ್ತೇನೆ. ಗಂಟು ಬದಲಾಗುತ್ತದೆ. ಈಗ ಬಲಗಡೆಯದು ಉದ್ದ. ಅವರದು ಸೇತುವೆಗಳ ಲೆಕ್ಕ ಹಾಕುವ ಕೆಲಸ. ಅಲ್ಲಿ ಅರ್ಧ ಸೆಂಟಿಮೀಟರಿಗೆ ಬೆಲೆ ಇದೆ, ಒಪ್ಪಿದೆ. ಇಲ್ಲಿ ಆ ಕಡೆ ಡಚ್ ಹುಡುಗರು ಅಲೆ ಮೇಲೆ ಅಲೆ ಹಿಡಿಯುತ್ತಿದ್ದಾರೆ, ನಾನು ವೆಟ್‌ಸೂಟ್ ಹಾಕಿಕೊಂಡು ಗೂಟದ ಪಕ್ಕ ಇನ್ನೊಂದು ಗೂಟವಾಗಿ ನಿಂತಿದ್ದೇನೆ. ಆಮೇಲೆ ಐಸ್‌ಕ್ರೀಮ್ ಡಬ್ಬ ಹೊರಗೆ ಬರುತ್ತದೆ. ಒಳಗೆ ತುಂಡು ಲೈನ್‌ಗಳು, ಒಂದೊಂದಕ್ಕೂ ಚೀಟಿ. 18 ಮೀಟರನ್ನು 20 ಮಾಡಲು, 20ನ್ನು 22 ಮಾಡಲು. ಆಮೇಲೆ ಫ್ಲಾಸ್ಕಿನಿಂದ ಕಾಫಿ. ಕಾಫಿಯ ಜೊತೆ ಪಾಠ. ಲೈನ್ ಗಿಡ್ಡವಿದ್ದರೆ ಕೈಟ್ ಬೇಗ ತಿರುಗುತ್ತದೆ, ಅಲೆಯಲ್ಲಿ ಅದೇ ಬೇಕು. ಉದ್ದ ಇದ್ದರೆ ಕಡಿಮೆ ಗಾಳಿಯಲ್ಲೂ ಎಳೆತ ಸಿಗುತ್ತದೆ, ಆದರೆ ಬಿದ್ದಾಗ ಅಷ್ಟೂ ಲೈನ್ ನೀರಲ್ಲಿ. ಎಲ್ಲ ಸರಿಯಾದ ಮಾತೇ. ಪಾಠ ಮುಗಿಯುವ ಹೊತ್ತಿಗೆ ಗಾಳಿ ಸತ್ತಿರುತ್ತದೆ. "ಥೂ, ಬಿತ್ತು ನೋಡ್ರೀ ಗಾಳಿ" ಎಂದು ರಾಯರು ನನ್ನ ಕಡೆಯೇ ನೋಡುತ್ತಾರೆ.

ಹಾಗಾಗಿ ಹೋದ ಭಾನುವಾರ ನಾನು ಕಾಯಲಿಲ್ಲ.

ಉತ್ತರ ಸಮುದ್ರಕ್ಕೆ ಪುರುಸೊತ್ತು ಅನ್ನುವುದೇ ಇಲ್ಲ. ಆರೇಳು ಸೆಕೆಂಡಿಗೊಂದು ಅಲೆ, ಕಂದು ಬಣ್ಣದ ನೀರು. ಅಲೆ ಇಳಿಯುವಾಗ ನಾವು ಕೈಟಿನ ಕಡೆಗೇ ಓಡುತ್ತೇವೆ, ಲೈನ್ ಸಡಿಲವಾಗುತ್ತದೆ. ಒಳ್ಳೆ ಮನಸ್ಸಿದ್ದರೆ ಕೈಟ್ ಗಾಳಿಯ ಜೊತೆ ಹಿಂದೆ ತೇಲುತ್ತದೆ. ಅವತ್ತು ಇರಲಿಲ್ಲ. ಬಿತ್ತು, ಅದೂ ಸರಿಯಾಗಿ ಅಲೆ ಒಡೆಯುವ ಜಾಗದಲ್ಲಿ. ಕೈಟಿನ ಎಳೆತ ಬಿಡಿಸುವ ಸೇಫ್ಟಿ ಎಳೆದೆ. ಮುಂದಿನ ಒಂದೇ ಲೈನಿಗೆ ಜೋತುಬಿದ್ದು ಕೈಟ್ ಬಾವುಟದ ಹಾಗೆ ಮಲಗಬೇಕು, ಅಲೆ ಅದರ ಮೇಲೆ ಹಾಯ್ದು ಹೋಗಬೇಕು. ಅದು ಮಲಗುವ ಮೊದಲೇ ಮೊದಲ ಅಲೆ ಬಟ್ಟೆಯೊಳಗೆ ತುಂಬಿಕೊಂಡಿತ್ತು. ಎರಡನೆಯದಕ್ಕೆ ಬಟ್ಟೆ ಹಿಂದಿನ ಅಂಚಿನಿಂದ ಶುರುವಾಗಿ ನಡುವಿನ ಗಾಳಿಕೊಳವೆಯ ಪಕ್ಕದಲ್ಲೇ, ಹೊಲಿಗೆಗುಂಟ, ಪರ್ರ್ ಎಂದು ಹರಿಯಿತು. ಗಾಳಿಯ ಸದ್ದಿನಲ್ಲೂ ಕೇಳಿಸಿತು.

ಗಾಳಿ ತುಂಬುವ ಈ ಕೈಟಿಗೆ 1984ರಲ್ಲಿ ಪೇಟೆಂಟ್ ಪಡೆದವರು ಫ್ರಾನ್ಸಿನ ಬ್ರಿಟನಿಯ ಲೆಗೆನ್ಯೂ ಸೋದರರು. ನೀರಿಗೆ ಬಿದ್ದರೂ ಮತ್ತೆ ಏಳಬೇಕು ಅನ್ನುವುದೇ ಅವರ ಆಸೆ. ಪುಣ್ಯಾತ್ಮರು, ಏಳುತ್ತದೆ. ಮೇಲೆ ಅಲೆ ಕೂತಿಲ್ಲದಿದ್ದರೆ.

ಲೈನಿಗೆ ಮಾತ್ರ ಏನೂ ಆಗಲಿಲ್ಲ. ಡೈನೀಮಾ. ಈ ದೇಶದಲ್ಲೇ ಹುಟ್ಟಿದ ನಾರು, ಅದೇ ತೂಕದ ಉಕ್ಕಿಗಿಂತ ಎಷ್ಟೋ ಪಟ್ಟು ಗಟ್ಟಿ, ನೀರಿಗಿಂತ ಹಗುರ. ಹಗುರ ಆದ್ದರಿಂದ ಮುಳುಗುವುದಿಲ್ಲ. ನೊರೆಯಲ್ಲಿ ತೇಲುತ್ತಾ, ಮೊಣಕಾಲು ಎಲ್ಲಿದೆ ಅಂತ ಹುಡುಕಿಕೊಂಡು ಬರುತ್ತದೆ. 1500 ಯೂರೋ ದಾಟುವ ಕೈಟ್ ಹೋಯಿತು, ನನ್ನನ್ನು ಕಟ್ಟಿಹಾಕಿದ ದಾರ ಉಳಿಯಿತು. ಅದನ್ನೇ ಎಳೆದುಕೊಂಡು ಹೊರಗೆ ಬಂದಾಗ ರಾಯರು ಬಾರ್ ಕೈಯಲ್ಲಿ ಹಿಡಿದು ಗೂಟದ ಹತ್ತಿರ ನಿಂತಿದ್ದರು. ಕೇಳಿದ ಪ್ರಶ್ನೆ ಆಗಲೇ ಹೇಳಿದೆನಲ್ಲ.

"ಇಪ್ಪತ್ತು" ಎಂದೆ.

"ಹಂಗನ್ನಿ ಮತ್ತೆ. ಹದಿನೆಂಟು ಹಾಕಬೇಕಿತ್ತು."

ಅಷ್ಟುದ್ದ ಬಟ್ಟೆ ಹರಿದಿದ್ದಕ್ಕೆ ಎರಡು ಮೀಟರ್ ದಾರ ಕಾರಣವಂತೆ. ಅದೇ ಭಾನುವಾರ 18ರಲ್ಲಿದ್ದ ಡಚ್ಚನೊಬ್ಬನ ಕೈಟೂ ಒಡೆಯಿತು, ಅವನು ರಾಯರ ಮುಂದೆಯೇ ಹಾದುಹೋದ. ರಾಯರು ಅವನಿಗೆ 20 ಹಾಕಬೇಕಿತ್ತು ಎಂದರು.

ರಿಪೇರಿಯವರಿಗೆ ಫೋಟೊ ಕಳಿಸಿದೆ. ಹೊಲಿಯಬಹುದು, ಆದರೆ ಬಟ್ಟೆಯಲ್ಲಿ ಜೀವ ಇಲ್ಲ, ಪಕ್ಕದಲ್ಲೇ ಮತ್ತೆ ಹರಿಯುತ್ತದೆ ಎಂಬ ಉತ್ತರ ಬಂತು. ಬಿಸಿಲು, ಮರಳು, ಪಟಪಟ ಬಡಿದಾಟ ಎಲ್ಲ ಸೇರಿ ಹಳೇ ಪಂಚೆಯಷ್ಟು ಮೆತ್ತಗಾಗಿದೆ ಅನ್ನುವುದು ನನಗೂ ಗೊತ್ತಿತ್ತು. ಆದರೂ ಎಸೆಯಲು ಕೈ ಬರುತ್ತಿಲ್ಲ. ಕಲಿಯುವ ದಿನಗಳಲ್ಲಿ ಗಾಳಿ ನೂಕಿದ ಕಡೆಗೆ ತೇಲಿ ಹೋಗಿ, ಬೋರ್ಡ್ ಕಂಕುಳಲ್ಲಿಟ್ಟುಕೊಂಡು ಬೀಚಿನುದ್ದಕ್ಕೂ ನಡೆದು ವಾಪಸ್ ಬರುತ್ತಿದ್ದೆ, ನೋಡಿದವರ ಮುಖ ತಪ್ಪಿಸಿ. ಒಂದು ಸಂಜೆ ಇದೇ ಕೈಟ್ ನನ್ನನ್ನು ಹೊರಟ ಜಾಗಕ್ಕೇ ತಂದು ಬಿಟ್ಟಿತು. ಚಪ್ಪಲಿ ಬಿಟ್ಟಲ್ಲೇ ಇತ್ತು. ಅವತ್ತಿನ ಖುಷಿಯನ್ನು ಯಾರಿಗೆ ಹೇಳಬೇಕು ಅಂತ ಗೊತ್ತಾಗದೆ ಚಪ್ಪಲಿಯದೇ ಫೋಟೊ ತೆಗೆದು ಊರಿಗೆ ಅಮ್ಮನಿಗೆ ಕಳಿಸಿದ್ದೆ. ಕಿತ್ತು ಹೋಗಿದ್ಯಾ, ಬೇರೆ ತಗೋ ಎಂದಿದ್ದಳು.

ರಾಯರ ಕೈಟೂ ನನ್ನದರಷ್ಟೇ ಹಳೆಯದು. ನೋಡಿದರೆ ನಿನ್ನೆ ಅಂಗಡಿಯಿಂದ ತಂದ ಹಾಗಿದೆ. ಮಡಿಕೆಯ ಗೆರೆ ಕೂಡ ಮಾಸಿಲ್ಲ. ಲೈನ್ ಸರಿಯಾಗಿ ಅಳೆದರೆ ಎಷ್ಟು ಬಾಳಿಕೆ ಬರುತ್ತೆ ನೋಡ್ರೀ ಅಂತ ಎಲ್ಲರಿಗೂ ತೋರಿಸುತ್ತಾರೆ. ಯಾಕೆ ಬರಲ್ಲ? ಅದಕ್ಕೆ ನೀರು ಸೋಕಿದ್ದು ಹೆಚ್ಚಾಗಿ ಮಳೆ ಬಂದಾಗ.

ಇಷ್ಟು ದಿನ ಇಲ್ಲದ್ದು, ಈ ವಾರ ಶನಿವಾರ, ಭಾನುವಾರ ಎರಡೂ ದಿನ 25 ನಾಟ್ ತೋರಿಸುತ್ತಿದೆ. ಮಾನ ಬಿಟ್ಟು ರಾಯರಿಗೆ ಫೋನ್ ಮಾಡಿದೆ. ನೀವು ಅಳೆಯುತ್ತಿರುವಾಗ ಹೇಗೂ ಕೈಟ್ ಸುಮ್ನೆ ಬಿದ್ದಿರುತ್ತಲ್ಲ, ಒಂದರ್ಧ ಗಂಟೆ ಕೊಡ್ತೀರಾ ಅಂತ ಕೇಳಿದೆ.

"ಅದಕ್ಕೇನಂತೆ, ತಗೊಳ್ಳಿ" ಎಂದರು. "ಆದರೆ ಅಲೆ ಕಡೆ ಮಾತ್ರ ಹೋಗಬೇಡಿ."