ಕೀ ಮರೆತ ಮಾತ್ರಕ್ಕೆ ಅಲ್ಝೈಮರ್ ಅಲ್ಲ: ಒಂದು ಸ್ಪಷ್ಟನೆ

ಉಡುಪಿಯ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. 60 ದಾಟಿದವರು ಕೀ, ಕನ್ನಡಕ ಎಲ್ಲಿಟ್ಟೆ ಅಂತ ಮರೆತರೆ ಅಲ್ಝೈಮರ್ ಶುರುವಾಗಿದೆಯಂತೆ, ದಿನಾ ಎರಡು ಚಮಚ ತೆಂಗಿನೆಣ್ಣೆ ಕುಡಿದರೆ ವಾಸಿಯಂತೆ. ಎರಡೂ ತಪ್ಪು.

ಕೀ ಮರೆತು ಆಮೇಲೆ ನೆನಪಾಗುವುದು ವಯಸ್ಸಿನ ಮರೆವು ಅಷ್ಟೇ. ಗಮನಿಸಬೇಕಾದ್ದು ಬೇರೆ. ಬೆಳಿಗ್ಗೆ ಆಡಿದ ಮಾತೇ ನೆನಪಿಲ್ಲದೆ ಅದೇ ಪ್ರಶ್ನೆ ಮತ್ತೆ ಮತ್ತೆ ಕೇಳುವುದು, ಎಷ್ಟೋ ವರ್ಷ ನಡೆದ ಕಲ್ಸಂಕ–ರಥಬೀದಿ ದಾರಿಯಲ್ಲೇ ಗೊಂದಲವಾಗುವುದು, ಯಾವಾಗಲೂ ಮಾಡುವ ನೀರುದೋಸೆಯ ಅಳತೆಯೇ ತಪ್ಪಿಹೋಗುವುದು.

ಮಿದುಳಿನಲ್ಲಿ ಬದಲಾವಣೆ ಮೊದಲೇ ಶುರುವಾಗುತ್ತದೆ ಅನ್ನುವುದೇನೋ ನಿಜ. ಅಮಿಲಾಯ್ಡ್ ಎಂಬ ಪ್ರೋಟೀನ್ ಮರೆವು ಕಾಣಿಸುವ 15–20 ವರ್ಷ ಮೊದಲೇ ಸೇರಿಕೊಳ್ಳತೊಡಗುತ್ತದೆ, ಟೌ ಎಂಬ ಇನ್ನೊಂದು ಪ್ರೋಟೀನ್ ನರಕೋಶಗಳೊಳಗೆ ಗಂಟುಗಟ್ಟುತ್ತದೆ, ಹೊಸ ನೆನಪು ಕೂಡಿಡುವ ಹಿಪ್ಪೋಕ್ಯಾಂಪಸ್ ಭಾಗ ನಿಧಾನವಾಗಿ ಕುಗ್ಗುತ್ತದೆ. ಆದರೆ ಅಮಿಲಾಯ್ಡ್ ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ.

ತೆಂಗಿನೆಣ್ಣೆ ನಮ್ಮ ಅಡುಗೆಗೆ ಬೇಕೇ ಬೇಕು, ಅಲ್ವಾ? ಆದರೆ ಅದರಿಂದ ಅಲ್ಝೈಮರ್ ವಾಸಿಯಾಗುತ್ತದೆ ಎನ್ನಲು ಪುರಾವೆ ಇಲ್ಲ. ಅಮ್ಮನಿಗೋ ಅಜ್ಜನಿಗೋ ಮರೆವು ಜಾಸ್ತಿಯಾಗಿದೆ ಅನಿಸಿದರೆ ಮನೆಯಲ್ಲೇ ಸುಮ್ನೆ ಹೆದರಿ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಯಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆ ಇದೆ.