ಮರ ಕಡಿದದ್ದು ಆದಾಯವಾದರೆ, ಸವಕಳಿ ಯಾರ ಲೆಕ್ಕಕ್ಕೆ?

ಕಾಡಿನ ಒಂದು ಬಲಿತ ಮರವನ್ನು ಕಡಿದು ಮಾರಿದಾಗ ದೇಶದ ಲೆಕ್ಕಪತ್ರದಲ್ಲಿ ಏನೇನು ದಾಖಲಾಗುತ್ತದೆ ಎಂಬುದನ್ನು ಗಮನಿಸಿ. ದಿಮ್ಮಿಯ ಬೆಲೆ, ಕಡಿದವರ ಕೂಲಿ, ಲಾರಿ ಬಾಡಿಗೆ, ಸಾಮಿಲ್‌ನ ಲಾಭ ಎಲ್ಲವೂ ಒಂದಲ್ಲ ಒಂದು ರೂಪದಲ್ಲಿ ಜಿಡಿಪಿಯೊಳಗೆ ಸೇರುತ್ತವೆ. ಅದೇ ಸಾಮಿಲ್‌ನ ಗರಗಸ ಸವೆದರೆ ಲೆಕ್ಕಿಗರು ತಪ್ಪದೆ ಸವಕಳಿ ಬರೆಯುತ್ತಾರೆ. ಬೆಳೆಯಲು ಎರಡು ತಲೆಮಾರು ಹಿಡಿದ ಮರ ಇಲ್ಲವಾದದ್ದಕ್ಕೆ ಮಾತ್ರ ಸವಕಳಿ ಬರೆದವರಿಲ್ಲ. ಪರಿಸರ ಮತ್ತು ಅಭಿವೃದ್ಧಿ ಪರಸ್ಪರ ವಿರೋಧಿಗಳು ಎಂಬ ವಾದ ಬಹುಮಟ್ಟಿಗೆ ಹುಟ್ಟುವುದು ಈ ಅರೆಬರೆ ಲೆಕ್ಕದಿಂದಲೇ ಎಂಬುದು ನನ್ನ ದೃಢ ಅಭಿಪ್ರಾಯ.

ಈ ಲೆಕ್ಕವನ್ನು ಪೂರ್ತಿಗೊಳಿಸಿದರೆ ಏನಾಗುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ರಾಬರ್ಟ್ ರೆಪೆಟ್ಟೊ ಮತ್ತು ಅವರ ಸಹೋದ್ಯೋಗಿಗಳು 1989ರಲ್ಲೇ ತೋರಿಸಿದ್ದರು. 1971ರಿಂದ 1984ರವರೆಗೆ ಇಂಡೋನೇಷ್ಯಾದ ಜಿಡಿಪಿ ವರ್ಷಕ್ಕೆ ಸರಾಸರಿ ಶೇ. 7.1ರಷ್ಟು ಬೆಳೆದಿತ್ತು. ಆ ಜಿಡಿಪಿಯಿಂದ, ಬರಿದಾದ ತೈಲ, ಕಳೆದುಹೋದ ಕಾಡು ಮತ್ತು ಕೊಚ್ಚಿಹೋದ ಮೇಲ್ಮಣ್ಣಿನ ಮೌಲ್ಯವನ್ನು ಕಳೆದಾಗ ಉಳಿದ ಬೆಳವಣಿಗೆ ಶೇ. 4ರ ಆಸುಪಾಸಿನದು. ಏಳರ ಬೆಳವಣಿಗೆಯನ್ನು ನಂಬಿ ಸಾಲ ಎತ್ತುವ, ಯೋಜನೆ ಘೋಷಿಸುವ ಸರ್ಕಾರಕ್ಕೂ, ತನ್ನ ನಿಜವಾದ ಗಳಿಕೆ ನಾಲ್ಕೇ ಎಂದು ತಿಳಿದು ಖರ್ಚಿಗೆ ಕೈಹಾಕುವ ಸರ್ಕಾರಕ್ಕೂ ಎಷ್ಟು ಅಂತರವಿದೆ ಎಂದು ಯೋಚಿಸಿದರೆ, ಇದು ಪರಿಸರ ಪ್ರೇಮಿಗಳ ಭಾವುಕತೆಯಲ್ಲ, ಹಣಕಾಸು ಇಲಾಖೆ ತಲೆಕೆಡಿಸಿಕೊಳ್ಳಬೇಕಾದ ವಿಷಯ ಎಂಬುದು ಸ್ಪಷ್ಟವಾಗುತ್ತದೆ.

ಚೀನಾ ಇಂಥ ಲೆಕ್ಕಕ್ಕೆ ಕೈಹಾಕಿ ಹಿಂದೆಗೆಯಿತು. 2004ರಲ್ಲಿ ಮಾಲಿನ್ಯದಿಂದಾದ ನಷ್ಟ 51,180 ಕೋಟಿ ಯುವಾನ್, ಅಂದರೆ ಜಿಡಿಪಿಯ ಶೇ. 3.05 ಎಂದು 2006ರಲ್ಲಿ ಅಲ್ಲಿನ ಸರ್ಕಾರವೇ ಪ್ರಕಟಿಸಿತು. ಮರುವರ್ಷದ ವರದಿಯನ್ನು ಪ್ರಾಂತೀಯ ಆಡಳಿತಗಳ ವಿರೋಧದ ನಡುವೆ ತಡೆಹಿಡಿಯಲಾಯಿತು. ಬೆಳವಣಿಗೆಯ ಅಂಕಿಯನ್ನು ನೋಡಿ ಬಡ್ತಿ ಕೊಡುವ ವ್ಯವಸ್ಥೆಯಲ್ಲಿ ತಮ್ಮ ಅಂಕಿಯನ್ನು ತಾವೇ ತಗ್ಗಿಸಿಕೊಳ್ಳಲು ಯಾವ ಅಧಿಕಾರಿ ತಾನೇ ಒಪ್ಪುತ್ತಾನೆ? ಲೆಕ್ಕ ಬದಲಾದರಷ್ಟೇ ಸಾಲದು, ಹಣ ಹಂಚುವ ಸೂತ್ರವೂ ಅದರೊಂದಿಗೆ ಬದಲಾಗಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಹಂಚಿಕೆಯ ವಿಷಯದಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವುದು ಬ್ರೆಜಿಲ್‌ನ ಪರಾನಾ ರಾಜ್ಯದ ಪ್ರಯೋಗ. ಅಲ್ಲಿನ ಪಿರಾಕ್ವಾರಾ ಎಂಬ ಪೌರಾಡಳಿತದ ಬಹುಪಾಲು ನೆಲ ರಾಜಧಾನಿ ಕುರಿಚಿಬಾಕ್ಕೆ ನೀರುಣಿಸುವ ಜಲಾನಯನ ಪ್ರದೇಶ. ಆದ್ದರಿಂದ ಅಲ್ಲಿ ಕಾರ್ಖಾನೆಗಳಿಗೆ ನಿರ್ಬಂಧ. ರಾಜ್ಯದ ಮಾರಾಟ ತೆರಿಗೆಯಲ್ಲಿ ಸ್ಥಳೀಯ ಆಡಳಿತಗಳಿಗೆ ಸಿಗುವ ಪಾಲು ಮುಖ್ಯವಾಗಿ ಅಲ್ಲಲ್ಲಿ ನಡೆಯುವ ಆರ್ಥಿಕ ಚಟುವಟಿಕೆಯನ್ನು ಅವಲಂಬಿಸಿದ್ದರಿಂದ, ಊರಿಗೆಲ್ಲ ನೀರು ಕಾಯ್ದವರ ಖಜಾನೆಯೇ ಖಾಲಿ ಉಳಿಯುತ್ತಿತ್ತು. 1991ರ ಕಾನೂನು ಆ ಪಾಲಿನಲ್ಲಿ ಶೇ. 5ನ್ನು ಪರಿಸರದ ಮಾನದಂಡಕ್ಕೆಂದು ಮೀಸಲಿಟ್ಟಿತು: ಅರ್ಧ ಜಲಾನಯನ ಪ್ರದೇಶಗಳಿಗೆ, ಅರ್ಧ ಸಂರಕ್ಷಿತ ಅರಣ್ಯಗಳಿಗೆ. ಅದಕ್ಕಿಂತಲೂ ನನಗೆ ಹಿಡಿಸಿದ ಸಂಗತಿಯೆಂದರೆ, ಅಲ್ಲಿ ಕಾಡಿನ ವಿಸ್ತೀರ್ಣವನ್ನಷ್ಟೇ ಅಳೆದು ಸುಮ್ಮನಾಗುವುದಿಲ್ಲ. ಸಂರಕ್ಷಣೆಯ ಗುಣಮಟ್ಟವನ್ನೂ ಪರಿಶೀಲಿಸುತ್ತಾರೆ, ಅದು ಸುಧಾರಿಸಿದಂತೆ ಹಣ ಹೆಚ್ಚುತ್ತದೆ.

ಭಾರತದ 14ನೇ ಹಣಕಾಸು ಆಯೋಗ ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು ನಿರ್ಧರಿಸುವಾಗ ಅರಣ್ಯಕ್ಕೆ ಶೇ. 7.5ರ ತೂಕ ಕೊಟ್ಟಿತು, 15ನೇ ಆಯೋಗ ಅದನ್ನು ಶೇ. 10ಕ್ಕೆ ಏರಿಸಿತು. ಹಣದ ಗಾತ್ರದಲ್ಲಿ ಇದು ಪರಾನಾವನ್ನು ಎಷ್ಟೋ ಪಟ್ಟು ಮೀರಿಸುವ ಹೆಜ್ಜೆ, ಮನಸಾರೆ ಮೆಚ್ಚಬೇಕಾದದ್ದು. ಆದರೆ ಆ ಸೂತ್ರ ಲೆಕ್ಕಕ್ಕೆ ತೆಗೆದುಕೊಂಡದ್ದು ಇರುವ ದಟ್ಟ ಅರಣ್ಯದ ವಿಸ್ತೀರ್ಣವನ್ನು. ನದಿ ಶುದ್ಧವಾಯಿತೇ, ಗಾಳಿ ಸುಧಾರಿಸಿತೇ, ಅಂತರ್ಜಲ ಮೇಲೆ ಬಂತೇ ಎಂಬ ಪ್ರಶ್ನೆಗಳಿಗೆ ಅದರಲ್ಲಿ ಜಾಗವಿರಲಿಲ್ಲ. ಕಾಡು ಕಡಿಮೆಯಿರುವ ರಾಜ್ಯ ತನ್ನ ಕೆರೆಗಳನ್ನೆಲ್ಲ ಪುನಶ್ಚೇತನಗೊಳಿಸಿದರೂ ಈ ಬಾಬ್ತಿನಲ್ಲಿ ಅದಕ್ಕೆ ಹೆಚ್ಚೇನೂ ದಕ್ಕುವುದಿಲ್ಲ. ಹಿಂದಿನವರಿಂದ ಬಂದ ಕಾಡಿಗೆ ಪರಿಹಾರ ಕೊಡುವುದು ನ್ಯಾಯವೇ ಸರಿ, ಆದರೆ ಅದು ಸಾಧನೆಯನ್ನು ಅಳೆದಂತಲ್ಲ.

ಫ್ರಾನ್ಸ್ 2021ರ ಬಜೆಟ್‌ನೊಂದಿಗೆ, ಯಾವ ವೆಚ್ಚ ಪರಿಸರಕ್ಕೆ ಪೂರಕ, ಯಾವುದು ಮಾರಕ ಎಂಬ ಪಟ್ಟಿಯನ್ನು ಸಂಸತ್ತಿನ ಮುಂದಿಡಲು ಆರಂಭಿಸಿತು. ಮಾರಕವಾದ ಖರ್ಚನ್ನೂ ಸರ್ಕಾರ ತನ್ನ ಕೈಯಾರೆ ಬರೆದು ತೋರಿಸುವುದು ಸಣ್ಣ ಮಾತಲ್ಲ. ಹಸಿರು ಯೋಜನೆಗಳನ್ನಷ್ಟೇ ಒಟ್ಟುಗೂಡಿಸಿ ಹೊರತರುವ ಪುಸ್ತಿಕೆಗಳಿಗೆ ನನ್ನ ದೃಷ್ಟಿಯಲ್ಲಿ ಅಂಥ ಬೆಲೆಯಿಲ್ಲ. ಇನ್ನು ವಿಶ್ವಸಂಸ್ಥೆಯ ರಾಷ್ಟ್ರೀಯ ಲೆಕ್ಕಪತ್ರ ಪದ್ಧತಿಯ 2025ರ ಪರಿಷ್ಕೃತ ರೂಪವು ನೈಸರ್ಗಿಕ ಸಂಪನ್ಮೂಲ ಬರಿದಾಗುವುದನ್ನು ಉತ್ಪಾದನೆಯ ವೆಚ್ಚವೆಂದೇ ಪರಿಗಣಿಸುತ್ತದೆ. ಅದರಿಂದ ಬದಲಾಗುವುದು ನಿವ್ವಳ ದೇಶೀಯ ಉತ್ಪನ್ನ, ಅಂದರೆ ಜಿಡಿಪಿಯಲ್ಲಿ ಸವಕಳಿ ಕಳೆದು ಉಳಿಯುವ ಮೊತ್ತ. ಸುದ್ದಿಯ ತಲೆಬರಹಗಳಲ್ಲಿ ಮೆರೆಯುವ ಜಿಡಿಪಿ ಹಾಗೆಯೇ ಉಳಿಯುತ್ತದೆ.

ಮೊದಲು ಬೆಳವಣಿಗೆ, ಕೈಯಲ್ಲಿ ಕಾಸು ಕೂಡಿದ ಮೇಲೆ ಪರಿಸರ ಎನ್ನುವವರ ಮುಂದೆ ನಾನು ಸದಾ ಇಡುವುದು ನ್ಯೂಯಾರ್ಕ್ ನಗರದ ಕುಡಿಯುವ ನೀರಿನ ಲೆಕ್ಕವನ್ನು. ನೂರಾರು ಕೋಟಿ ಡಾಲರ್ ವೆಚ್ಚದ ಶೋಧನಾ ಘಟಕ ಕಟ್ಟುವ ಬದಲು ಆ ನಗರವು 1997ರಲ್ಲಿ, ತನಗೆ ನೀರು ಹರಿದುಬರುವ ಕ್ಯಾಟ್‌ಸ್ಕಿಲ್ ಬೆಟ್ಟಗಳ ಜನರೊಂದಿಗೆ ಒಪ್ಪಂದ ಮಾಡಿಕೊಂಡಿತು. ಮಾರಲು ಒಪ್ಪಿದವರಿಂದ ಜಮೀನು ಕೊಂಡಿತು, ಕೊಟ್ಟಿಗೆಯ ಗೊಬ್ಬರ ಹಳ್ಳಕ್ಕೆ ಹರಿಯದಂತೆ ತಡೆಯಲು ರೈತರಿಗೆ ನೆರವಾಯಿತು, ಮನೆಗಳ ಹಾಳಾದ ಸೆಪ್ಟಿಕ್ ಟ್ಯಾಂಕ್‌ಗಳನ್ನು ದುರಸ್ತಿ ಮಾಡಿಸಿತು. ಘಟಕಕ್ಕೆ ತಗಲುತ್ತಿದ್ದ ವೆಚ್ಚದ ಒಂದು ಅಂಶದಲ್ಲೇ ಈ ಕೆಲಸ ನಡೆಯಿತು, ಮತ್ತು ಅದಕ್ಕೆ ಹಣ ಬಂದದ್ದು ಮುಖ್ಯವಾಗಿ ನಲ್ಲಿ ತಿರುಗಿಸುವವರು ಕಟ್ಟುವ ನೀರಿನ ಶುಲ್ಕದಿಂದ.